ಮುತ್ಯಾನ ಹರ್ನಿಯಾ

ನಮ್ಮಪ್ಪನಿಗೆ ಹರ್ನಿಯಾ ಇತ್ತು. ಜೋಳದ ಚೀಲ ಹೊತ್ತು ಹೊತ್ತು ಗಳಿಸಿದ ಆಸ್ತಿ. ಮಿರಜದ ಡಾಕ್ಟರರು ಆಪರೇಶನ್ ಆಗಲೇಬೇಕು ಎಂದಾಗ ಅಪ್ಪ ಚೀಟಿ ಮಡಚಿ ಅಂಗಿಯ ಒಳಕಿಸೆಗೆ ಸೇರಿಸಿ ಎದ್ದುಬಂದ. "ಮನ್ಯಾಗ ಡಾಕ್ಟರ್ ತಯಾರಾಗಾಕತ್ತಾನ. ಹೊರಗಿನವರಿಗ್ಯಾಕ ರೊಕ್ಕ ಸುರೀಲಿ?"

ತಯಾರಾಗುತ್ತಿದ್ದವನು ನಮ್ಮ ಅಣ್ಣನ ಮಗ. ಆಗ 2012. ಮಹಾರಾಷ್ಟ್ರದ ನಮ್ಮ ಜತ್ತ ತಾಲ್ಲೂಕಿನಲ್ಲಿ ಟ್ಯಾಂಕರ್ ಬಂದ ದಿನವೇ ಹಬ್ಬ ಎನ್ನುವಂಥ ಬರಗಾಲ. ನೀರು ಕೊಡದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆ ಎಂದು ಹಳ್ಳಿಗಳು ಠರಾವು ಮಾಡುತ್ತಿದ್ದಾಗ ನಮ್ಮ ಹುಡುಗ ಠರಾವಿನ ಗೊಡವೆಯಿಲ್ಲದೆ ಹೋಗಿಯೇಬಿಟ್ಟ. ಗಡಿನಾಡಿನವರಿಗೆ ಕರ್ನಾಟಕದ ಸಿಇಟಿಯಲ್ಲಿ ಒಂದು ಕಿಂಡಿಯುಂಟು. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಕಾಸರಗೋಡಿನಂಥ ತಾಲ್ಲೂಕುಗಳಲ್ಲಿ ಓದಿದ ಕನ್ನಡ ಮನೆಮಾತಿನ ಮಕ್ಕಳು ಅರ್ಜಿ ಹಾಕಬಹುದು. ಆದರೆ ಕನ್ನಡ ಬರುತ್ತದೆಂದು ಪರೀಕ್ಷೆ ಬರೆದು ತೋರಿಸಬೇಕು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಅವನಿಗೆ ಕಾಗುಣಿತ ತಿದ್ದಿಸಿದವನು ನಾನೇ. ಆದರೂ ತಹಶೀಲ ಕಚೇರಿಯ ಮರಾಠಿ ದಾಖಲೆಗಳ ಕಟ್ಟನ್ನು ಬಗಲಲ್ಲಿಟ್ಟುಕೊಂಡು, ತಾನು ಕನ್ನಡಿಗನೆಂದು ಸಾಬೀತುಮಾಡಲು ಬೆಂಗಳೂರಿಗೆ ಹೋದ. ಸೀಟು ಹುಬ್ಬಳ್ಳಿಯಲ್ಲಿ ಸಿಕ್ಕಿತು.

ಅದೇ ವರ್ಷ ಅಣ್ಣ ಡಾಳಿಂಬರ ಗಿಡ ಹಚ್ಚಿದ. ಎರಡರದೂ ಫಲ ಒಟ್ಟಿಗೇ ಕೈಗೆ ಬರುತ್ತದೆ ಎಂದುಕೊಂಡಿದ್ದ.

ಮೊದಲ ರಜೆಗೆ ಬಂದಾಗ ಹುಡುಗನ ಚೀಲದಲ್ಲಿ ಎಲುಬುಗಳಿದ್ದವು. ಅರ್ಧ ಮನುಷ್ಯನನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ಎಸ್‌ಟಿ ಬಸ್ಸಿನಲ್ಲಿ ಕೂರಿಸಿಕೊಂಡು ತಂದಿದ್ದ. ನಮ್ಮವ್ವ ಮನೆಗೆಲ್ಲ ಗೋಮೂತ್ರ ಚಿಮುಕಿಸಿ, ಎಲುಬಿನ ಚೀಲವನ್ನು ದನದ ಕೊಟ್ಟಿಗೆಗೆ ದಾಟಿಸಿದಳು. ಅಲ್ಲೇ ಲಾಟೀನಿನ ಬೆಳಕಿನಲ್ಲಿ ಅವನ ಅಂಗರಚನಾಶಾಸ್ತ್ರ ನಡೆಯಿತು. ಎಮ್ಮೆಗಳು ಆಕ್ಷೇಪಿಸಲಿಲ್ಲ.

ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಹೆಸರಿನ ಹಿಂದೆ 'ಡಾ.' ಬಂದ ಸುದ್ದಿ ತಲುಪಿದ್ದೇ ಅಪ್ಪ ಮಿಂದು, ಹೊಸ ಧೋತರ ಉಟ್ಟು, ಪಡಸಾಲೆಯ ಹೊರಸಿನ ಮೇಲೆ ಅಂಗಾತ ಮಲಗಿದ. "ಬಾ ಈಗ."

"ಮುತ್ಯಾ, ನನಗ ಆಪರೇಶನ್ ಬರೂದಿಲ್ಲ. ಸಣ್ಣಪುಟ್ಟ ಗಾಯಕ್ಕ ಹೊಲಿಗಿ ಹಾಕ್ತೀನಿ, ಅಷ್ಟ."

"ಕೊಯ್ಯಾಕ ಬರದವಗ ಹೊಲ್ಯಾಕ ಹ್ಯಾಂಗ ಕಲಿಸಿದ್ರೋ?"

ಈ ಪ್ರಶ್ನೆಗೆ ನಮ್ಮ ವೈದ್ಯಕೀಯ ಶಿಕ್ಷಣದಲ್ಲಿ ಉತ್ತರವಿಲ್ಲ. ಸುಶ್ರುತನ ಬಳಿ ಇತ್ತು. ಅವನ ಶಿಷ್ಯರು ಮನುಷ್ಯರನ್ನು ಮುಟ್ಟುವ ಮೊದಲು ಕುಂಬಳಕಾಯಿ, ಸೋರೆಕಾಯಿ, ಸವತಿಕಾಯಿಗಳ ಮೇಲೆ ಕೊಯ್ಯುವುದನ್ನು ಕಲಿಯಬೇಕಿತ್ತು. ಕೆಸರು ತುಂಬಿದ ತೊಗಲಿನ ಚೀಲದ ಮೇಲೆ ಭೇದಿಸುವುದನ್ನು, ಹುಳ ತಿಂದ ಕಟ್ಟಿಗೆಯ ಮೇಲೆ ಶಲಾಕೆ ಆಡಿಸುವುದನ್ನು. ಅಪ್ಪನಿಗೆ ಇದನ್ನು ಓದಿಹೇಳಿದೆ. "ಹಂಗಾರ ಕುಂಬಳಕಾಯಿ ತರಸು, ಅವನೂ ಕಲೀಲಿ" ಎಂದು ಸಮಾಧಾನಪಟ್ಟುಕೊಂಡ.

ಕೊಯ್ಯುವುದನ್ನು ಕಲಿಯಲು ಎಂಎಸ್ ಆಗಬೇಕು. ಆ ಸೀಟಿಗೆ ನೀಟು ಎಂಬ ಮತ್ತೊಂದು ಪರೀಕ್ಷೆ. ಮೊದಲ ಸಲ ರ‍್ಯಾಂಕು ಕೈಕೊಟ್ಟಿತು. ಒಂದಿಡೀ ವರ್ಷ ಅವನು ಬಾಡಿಗೆ ಕೋಣೆಯಲ್ಲಿ ಕೂತು ಓದಿದ. ಆ ಹೊತ್ತಿಗೆ ಅವನ ಜೊತೆ ಓದಿ ಹತ್ತನೇ ಇಯತ್ತೆಯಲ್ಲಿ ನಪಾಸಾದ ಗೆಳೆಯ ದ್ರಾಕ್ಷಿ ಬೆಳೆದು, ಒಣದ್ರಾಕ್ಷಿಯ ಬೇದಾಣಿ ಶೆಡ್ ಹಾಕಿ, ಇಬ್ಬರು ಮಕ್ಕಳನ್ನು ನನ್ನ ಶಾಲೆಗೆ ಸೇರಿಸಿದ್ದ. ನಮ್ಮ ಡಾಳಿಂಬರಕ್ಕೆ ತೇಲ್ಯಾ ರೋಗ ಬಿದ್ದು ಅಣ್ಣ ಗಿಡಗಳನ್ನು ಕಿತ್ತುಹಾಕಿದ್ದ. ಕಟ್ಟೆಯ ಮೇಲೆ ಕೂತವರದು ಒಂದೇ ಮಾತು: "ಮುಗೀತೇನ್ರೀ ಮಾಸ್ತರ, ನಿಮ್ಮ ಹುಡುಗನ ಸಾಲಿ?"

2019ರಲ್ಲಿ ಅಖಿಲ ಭಾರತ ಕೋಟಾದಲ್ಲಿ ಸೀಟು ಸಿಕ್ಕಿದ್ದು ಮಿರಜದಲ್ಲೇ. ಅಪ್ಪನಿಗೆ ಅದು ದೇವರ ಸಂಚೆನಿಸಿತು. ಮಿರಜವೆಂದರೆ ನಮ್ಮ ಕಡೆಯವರಿಗೆ ಕೊನೆಯ ನ್ಯಾಯಾಲಯವಿದ್ದಂತೆ. 1889ರಲ್ಲಿ ಈ ಸೀಮೆಗೆ ಬಂದ ವಾನ್ಲೆಸ್ ಎಂಬ ಮಿಶನ್ ಡಾಕ್ಟರು 1894ರಲ್ಲಿ ಅಲ್ಲಿ ದವಾಖಾನೆ ತೆರೆದ ಮೇಲೆ, ರೈಲು, ಚಕ್ಕಡಿ ಹತ್ತಿ ಜನ ಹೊಟ್ಟೆ ಹಿಡಿದುಕೊಂಡು ಅಲ್ಲಿಗೇ ಹೋಗುತ್ತಿದ್ದರು. ವಿಚಿತ್ರವೆಂದರೆ ಅದೇ 1889ರಲ್ಲೇ ಅಮೆರಿಕದ ಬಾಲ್ಟಿಮೋರಿನಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಶುರುವಾಯಿತು. ಎಳೆಯ ಸರ್ಜನ್ನರನ್ನು ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಇರಿಸಿಕೊಂಡು ಪಳಗಿಸುವ ಪದ್ಧತಿಯನ್ನು ಅಲ್ಲಿನ ಹಾಲ್‌ಸ್ಟೆಡ್ ಎಂಬವರು ಬೆಳೆಸಿದರು. ದೀಪಾವಳಿಗೂ ಮಗ ಬರದಿದ್ದಾಗ ನಮ್ಮ ವೈನಿ ಹಾಕಿದ ಶಾಪಗಳೆಲ್ಲ ನ್ಯಾಯವಾಗಿ ಆ ಪುಣ್ಯಾತ್ಮನ ವಿಳಾಸಕ್ಕೆ ಸೇರಬೇಕಾದವು.

ಮೊದಲ ವರ್ಷದ ಎಂಎಸ್ ವಿದ್ಯಾರ್ಥಿ ಕೊಯ್ಯುವುದು ಕಡಿಮೆ, ಓಡುವುದು ಹೆಚ್ಚು. ರಕ್ತದ ಬಾಟಲಿ ತರುವುದು, ಡ್ರೆಸ್ಸಿಂಗ್ ಮಾಡುವುದು, ಕಾಗದ ಬರೆಯುವುದು, ಬೈಸಿಕೊಳ್ಳುವುದು. ಒಮ್ಮೆ ಒಂದೇ ರಾತ್ರಿಗೆಂದು ಮನೆಗೆ ಬಂದ. ಸೂರ್ಯ ನೆತ್ತಿಗೇರುವವರೆಗೆ ಮಲಗಿದ. ಹೋದ ಮೇಲೆ ನೋಡುತ್ತೇವೆ: ಹೊರಸಿನ ಕಾಲಿಗೆ, ಬಾಗಿಲ ಚಿಲಕಕ್ಕೆ, ನೀರಿನ ಹಂಡೆಯ ಕಿವಿಗೆ, ಎಲ್ಲೆಲ್ಲೂ ದಾರದ ಗಂಟುಗಳು. ಒಂದೇ ಕೈಯಲ್ಲಿ ಗಂಟು ಹಾಕುವ ಅಭ್ಯಾಸವಂತೆ. ವೈನಿ ಚಿಲಕದ ಗಂಟನ್ನು ಬಹಳ ದಿನ ಬಿಚ್ಚಲಿಲ್ಲ.

ಅಷ್ಟರಲ್ಲಿ 2020 ಬಂತು. ಅವಸರವಿಲ್ಲದ ಆಪರೇಶನ್‌ಗಳೆಲ್ಲ ನಿಂತವು. ಸರ್ಜನ್ ಆಗಬೇಕಾದವನು ಪ್ಲಾಸ್ಟಿಕ್ ಕವಚ ತೊಟ್ಟು ಕೊರೊನಾ ವಾರ್ಡಿನಲ್ಲಿ ಆಕ್ಸಿಜನ್ ಅಳೆಯುತ್ತ ನಿಂತ. ಅಪ್ಪನ ಹರ್ನಿಯಾ ಲಂಗೋಟಿಯ ಬಿಗಿಯಲ್ಲಿ ಕ್ವಾರಂಟೈನ್ ಆಯಿತು.

ಮರುವರ್ಷ ಒಂದು ರಾತ್ರಿ ಅದು ಒಳಗೆ ಹೋಗಲೊಲ್ಲದೆ ಕಲ್ಲಾಗಿ ನಿಂತಿತು. ವಾಂತಿ, ಸಂಕಟ. ವಿಜಯಪುರ ಹತ್ತಿರ, ಅಲ್ಲಿಗೇ ಒಯ್ಯೋಣ ಎಂದರೆ ಜೀಪಿನೊಳಗೆ ಅಪ್ಪ ಹಲ್ಲು ಕಚ್ಚಿಕೊಂಡೇ "ಮಿರಜ" ಎಂದ. ಕರುಳು ಸಿಕ್ಕಿಹಾಕಿಕೊಂಡವನ ಹಟದ ಮುಂದೆ ನಮ್ಮದೇನು ನಡೆದೀತು? ಆಪರೇಶನ್ ಮಾಡಿದವರು ಹಿರಿಯ ಸರ್ಜನ್‌ರು. ಸ್ವಂತದವರ ಮೇಲೆ ಚಾಕು ಆಡಿಸದಿರುವುದು ಅವರಲ್ಲಿ ರೂಢಿ. ಮೊಮ್ಮಗನ ಪಾಲಿಗೆ ಬಂದದ್ದು ರಿಟ್ರ್ಯಾಕ್ಟರ್, ಗಾಯದ ಅಂಚನ್ನು ಎಳೆದು ಹಿಡಿಯುವ ಕೊಕ್ಕೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರಿಂದ ಅಪ್ಪನಿಗೆ ಎಚ್ಚರವಿತ್ತು. ಪರದೆಯ ಆಚೆಯಿಂದ "ಅರೇ, ನೀಟ ಧರ!", ಸರಿಯಾಗಿ ಹಿಡಿ, ಎಂದು ಸಾಹೇಬರು ಮೊಮ್ಮಗನನ್ನು ಗದರಿಸಿದ್ದೆಲ್ಲ ಕೇಳಿಸಿತು.

ಊರಿಗೆ ಬಂದ ಮೇಲೆ ಅಪ್ಪನ ವರದಿ ಹೀಗಿತ್ತು: "ಸಾಹೇಬರು ಬರೇ ಕೊಯ್ದರಪಾ. ಹಿಡದಾವ ನಮ್ಮ ಹುಡುಗ. ಎತ್ತಿಗೆ ನಾಲ ಬಡಿಯೂಮುಂದ ಬಡಿಯಾಂವ ದೊಡ್ಡಾಂವೋ, ಹಿಡಿಯಾಂವ ದೊಡ್ಡಾಂವೋ?" ಕಟ್ಟೆಯ ಮೇಲಿದ್ದವರೆಲ್ಲ ಎತ್ತು ಹಿಡಿದವರೇ. ಒಬ್ಬರೂ ತಕರಾರು ಎತ್ತಲಿಲ್ಲ. ಹುಡುಗನೂ ತಿದ್ದಲಿಲ್ಲ.

2022ರ ಬೇಸಿಗೆಯಲ್ಲಿ ಅಪ್ಪ ಹೋದ. ಹರ್ನಿಯಾದಿಂದಲ್ಲ, ವಯಸ್ಸಿನಿಂದ. ಎಂಎಸ್ ಪಾಸಾದ ಸುದ್ದಿ ಬಂದಾಗ ತಿಂಗಳ ಊಟವೂ ಮುಗಿದಿತ್ತು. ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರು ಜತ್ತದ 40 ಹಳ್ಳಿಗಳ ಹಳೆಯ ಠರಾವಿನ ಮಾತೆತ್ತಿದರು, ಟಿವಿಯವರು ಮೈಕು ಹಿಡಿದು ಬಂದು ಯಾವ ರಾಜ್ಯ ಬೇಕೆಂದು ಕೇಳಿದರು. ಕಟ್ಟೆಯವರು ನೀರು ಬೇಕೆಂದರು. ಹತ್ತು ವರ್ಷಗಳಲ್ಲಿ ಗಡಿ ಒಂದಿಂಚು ಸರಿದಿರಲಿಲ್ಲ. ನಮ್ಮ ಹುಡುಗ ಮಾತ್ರ ಅದನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ದಾಟಿ ಸರ್ಜನ್ ಆಗಿದ್ದ.

ಆಗಿದ್ದನೇ? ಈಗ ಬರೀ ಎಂಎಸ್‌ಗೆ ಯಾರು ಕೇಳುತ್ತಾರೆ ಕಾಕಾ, ಎಂದ. ಬಾಂಡ್ ಸೇವೆ ಮುಗಿಸಿ, 2023ರಲ್ಲಿ ಇನ್ನೊಂದು ನೀಟು ಬರೆದು ಎಂಸಿಎಚ್ ಎಂಬ ಇನ್ನೂ ಮೇಲಿನ ಓದಿಗೆ ಸೇರಿದ. ಮತ್ತೆ ಮೂರು ವರ್ಷ. ಅಲ್ಲಿ ಅವನು ಮತ್ತೆ ಮೊದಲ ವರ್ಷದವನು. ಮೂವತ್ತರ ಗಡಿ ಹತ್ತಿರ ಬಂದವನು ಮತ್ತೆ ಕೊಕ್ಕೆ ಹಿಡಿದು ನಿಂತ.

ಇತ್ತೀಚೆಗೆ ನನ್ನ ಪಿತ್ತಕೋಶದಲ್ಲಿ ಹರಳು ಇರುವುದು ಸ್ಕ್ಯಾನಿಂಗಿನಲ್ಲಿ ಕಂಡಿದೆ. ಫೋನು ಮಾಡಿದೆ. "ಕಾಕಾ, ನನ್ನ ದಾರಿ ಕಾಯಬ್ಯಾಡ, ನಾಳೇನ ಹೋಗಿ ಅಲ್ಲೇ ಯಾರ ಕಡೆನರ ತಗಸ್ಕೋ" ಎಂದು ಬೈದ. ಆಗಲಿ ಎಂದೆ. ಆಮೇಲೆ ಕ್ಯಾಲೆಂಡರ್ ನೋಡಿದೆ. ಅವನ ಕೋರ್ಸು 2026ಕ್ಕೆ ಮುಗಿಯುತ್ತದೆ. ಹೆಣ್ಣು ಕೊಡುವವರೂ ಅದೇ ಲೆಕ್ಕದಲ್ಲಿ ಕೂತಿದ್ದಾರೆ.