ಒರತೆಯಿಂದ ಅಲೆಯವರೆಗೆ

ಕಾಸರಗೋಡಿನ ಬೆಳ್ಳೂರಿನಲ್ಲಿ ನೀರು ಗುಡ್ಡೆಯ ಹೊಟ್ಟೆಯಿಂದ ಬರುತ್ತದೆ. ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ನುಸುಳುವಷ್ಟೇ ಅಗಲಕ್ಕೆ ಕೊರೆದ ಸುರಂಗ; ಅದರ ತುದಿಯಲ್ಲಿ ಜಿನುಗುವ ಒರತೆ; ಅಲ್ಲಿಂದ ಹಿಂದೆ ಅಡಿಕೆ ದಂಬೆಯಲ್ಲಿ, ಈಗ ಪೈಪಿನಲ್ಲಿ ಅಂಗಳದ ಟಾಂಕಿಗೆ. ಪಂಪು ಬೇಡ, ಕರೆಂಟು ಬೇಡ. ಈ ನೀರು ಕುಡಿದು ಬೆಳೆದ ನಮಗೆ ಕಡಲು ಒಂದು ಬಸ್ ಪ್ರಯಾಣದಷ್ಟೇ ದೂರ. ಆದರೂ ಕಳೆದ ಡಿಸೆಂಬರಿನಲ್ಲಿ ವಾಚನಾಲಯದ ಜಗಲಿಯಲ್ಲಿ ಕೂತಿದ್ದಾಗ ನೆರೆಮನೆಯ ಅಕ್ಕ, "ಕಡಲ ಬದಿಯಲ್ಲಿ ಒಂದು ರಾತ್ರಿ ಮಲಗಿದವರು ನಮ್ಮಲ್ಲಿ ಯಾರಾದರೂ ಇದ್ದೀರಾ?" ಎಂದು ಕೇಳಿದರೆ ಒಬ್ಬರೂ ಹೌದೆನ್ನಲಿಲ್ಲ.

ಜನವರಿಯ ಒಂದು ಶನಿವಾರ ನಾವು ಹನ್ನೊಂದು ಮಂದಿ ಹೊರಟದ್ದು ಹಾಗೆ. ಮುಂದಾಳು ನಿವೃತ್ತ ಮಾಷ್ಟ್ರು. ಎರಡು ಟೆಂಟು, ಒಂದು ಟಾರ್ಪಾಲು, ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳದ ಕಟ್ಟು, ಸುರಂಗದ ನೀರಿನ ಎರಡು ಕ್ಯಾನು. ಅಕ್ಕ ಕೊನೆಯ ಗಳಿಗೆಯವರೆಗೂ ಬರುವುದು ಖಾತ್ರಿ ಇರಲಿಲ್ಲ. ಹುಟ್ಟಿನಿಂದ ಹಾಸಿಗೆ ಹಿಡಿದ, ಕಣ್ಣು ಕಾಣದ ತಮ್ಮನನ್ನು ಅವರೇ ನೋಡಿಕೊಳ್ಳುವುದು. ಎರಡು ದಿನ ಅವನ ಬಳಿ ಇರಲು ಚಿಕ್ಕಮ್ಮ ಬಂದದ್ದರಿಂದ ಅಕ್ಕ ಬಸ್ಸು ಹತ್ತಿದರು.

ಮುಳ್ಳೇರಿಯ ದಾಟಿ ಬೋವಿಕ್ಕಾನದತ್ತ ಬರುವಾಗ ಗೇರು ತೋಟಗಳು ಕಾಣುತ್ತವೆ. 1970ರ ದಶಕದ ಕೊನೆಯಿಂದ 2000ದವರೆಗೆ ಈ ಸೀಮೆಯ ಗೇರು ಗುಡ್ಡೆಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಅದರ ಪೆಟ್ಟು ತಿಂದ ಪಂಚಾಯತುಗಳಲ್ಲಿ ಬೆಳ್ಳೂರೂ ಒಂದು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶಕ್ಕೇ ನಿಷೇಧಿಸಿತು. ಹಾಸಿಗೆಯ ಬದಿಯಲ್ಲಿ ಕೂತ ಅಮ್ಮಂದಿರಿಗೆ, ಅಕ್ಕಂದಿರಿಗೆ ಮಾತ್ರ ಆ ದಿನಗಳು ಇನ್ನೂ ಮುಗಿದಿಲ್ಲ. ಆ ತೋಟಗಳು ಹಿಂದೆ ಸರಿಯುವವರೆಗೆ ಬಸ್ಸಿನಲ್ಲಿ ನಾವು ಯಾರೂ ಮಾತಾಡಲಿಲ್ಲ.

ನಡಿಗೆ ಶುರುವಾದದ್ದು ಮೇಲ್ಪರಂಬದ ಬಳಿಯ ಚಂದ್ರಗಿರಿ ಕೋಟೆಯಿಂದ. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ. ಬುರುಜು ಹತ್ತಿದರೆ ಕೆಳಗೆ ಹೊಳೆ, ಆಚೆ ದಡದಲ್ಲಿ ತೆಂಗುಗಳ ನಡುವೆ ಕಾಸರಗೋಡು, ಪಶ್ಚಿಮಕ್ಕೆ ಅಳಿವೆ, ಅದರಾಚೆ ಕಡಲು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯ ಹಾದು, ನಮ್ಮ ನೆರೆಯ ಅಡೂರಿನ ದೇವಸ್ಥಾನದ ಬದಿಯಲ್ಲಿ ಹರಿಯುವ ಪಯಸ್ವಿನಿ ಚಂದ್ರಗಿರಿ ಹೊಳೆಗೆ ಸೇರಿ ಇಲ್ಲಿ ಕಡಲು ಮುಟ್ಟುತ್ತದೆ. ಅಡೂರಿನ ಜಾತ್ರೆಯಲ್ಲಿ ಕಾಲು ತೊಳೆದ ನೀರು ಕಡಲಾಗುವ ಜಾಗವನ್ನು ನನ್ನ ನಲವತ್ತೈದನೇ ವಯಸ್ಸಿನಲ್ಲಿ ಮೊದಲ ಸಲ ನಿಂತು ನೋಡಿದೆ.

ಈ ಹೊಳೆಗೆ ಗಡಿಯ ಭಾರವೂ ಇದೆ. ತುಳುನಾಡಿನ ತೆಂಕಣ ಗಡಿ ಇದೇ ಎಂದು ಹಳಬರು ಎಣಿಸಿದ್ದರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ ಹೊಳೆಯ ಬಡಗು ಭಾಗವನ್ನು ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಅದು ಕಾಗದದಲ್ಲೇ ಉಳಿಯಿತು. ಮಾಷ್ಟ್ರು ಇದನ್ನೆಲ್ಲ ಹೇಳಿ ಮುಗಿಸುವಾಗ ಅಕ್ಕ, "ಸಾರಾ ಅಬೂಬಕ್ಕರ್ ಬರೆದದ್ದು ಈ ದಡದ ಹೆಂಗಸರ ಕಥೆಯನ್ನೇ ಅಲ್ವಾ ಮಾಷ್ಟ್ರೇ?" ಎಂದರು. ಹೌದು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ಕನ್ನಡದಲ್ಲಿ ಬರೆದರು. ಮನೆಯಲ್ಲಿ ಆಡುವ ಮಾತು ಬೇರೆಯಾಗಿದ್ದ ಹೆಣ್ಣೊಬ್ಬಳು ತನ್ನ ಜನರ ನೋವನ್ನು ಹೇಳಲು ಆರಿಸಿಕೊಂಡ ಭಾಷೆ ಕನ್ನಡ. ಗಡಿಯ ಆಯೋಗಗಳ ಲೆಕ್ಕಕ್ಕೆ ಸಿಗದ ಈ ಸಂಬಂಧ ನನಗೆ ಕೋಟೆಯ ಕಲ್ಲಿಗಿಂತ ಗಟ್ಟಿಯಾದದ್ದಾಗಿ ಕಾಣುತ್ತದೆ.

ಕೀಯೂರಿನಿಂದ ತೆಂಕಕ್ಕೆ ಕಡಲ ಬದಿ ಹಿಡಿದೆವು. ಹೊಳೆ, ತೋಡುಗಳು ಅಡ್ಡ ಬಂದಲ್ಲಿ ರಸ್ತೆಗೆ ಹತ್ತಿ, ಸೇತುವೆ ದಾಟಿ, ಮತ್ತೆ ಹೊಯಿಗೆಗೆ ಇಳಿಯುವುದು. ಒಣ ಹೊಯಿಗೆಯಲ್ಲಿ ಕಾಲು ಹೂತು ಹೋಗುತ್ತದೆ. ಅಲೆ ನೆನೆಸಿ ಬಿಟ್ಟ ಅಂಚು ಸಿಮೆಂಟಿನ ಹಾಗೆ ಗಟ್ಟಿ. ಇಳಿತದ ಹೊತ್ತು ನೋಡಿಕೊಂಡು ಆ ಅಂಚಿನಲ್ಲೇ ನಡೆದೆವು. ಕಳನಾಡಿನ ಆಸುಪಾಸಿನಲ್ಲಿ ರೈಲಿನ ಸದ್ದು ಕೇಳಿಸಿ, ಸ್ವಲ್ಪದರಲ್ಲೇ ನುಂಗಿದಂತೆ ಅಡಗಿತು. ಅಲ್ಲಿ ಹಳಿ ಗುಡ್ಡೆಯೊಳಗೆ ಹೋಗುತ್ತದೆ. 1907ರಲ್ಲಿ ಮಂಗಳೂರು ಮುಟ್ಟಿದ ಈ ರೈಲು ದಾರಿಗೂ ಒಂದು ಸುರಂಗ ಬೇಕಾಯಿತು. ನಮ್ಮ ತಂಡದಲ್ಲಿ ಸುರಂಗ ತೋಡುವ ಅಣ್ಣ ಒಬ್ಬರಿದ್ದರು. ಗಿಡ್ಡ ಹಿಡಿಯ ಪಿಕ್ಕಾಸಿನಲ್ಲಿ ಕೂತುಕೊಂಡೇ ಕೊರೆಯುವುದು, ಒಳಗೆ ಮೊಂಬತ್ತಿ ನಂದಿದರೆ ಗಾಳಿ ಸಾಲದೆಂದು ತಿಳಿದು ಹೊರಗೆ ಬರುವುದು, ಬಾಯಿಯ ಬಳಿ ಕನ್ನಡಿ ಇಟ್ಟು ಬಿಸಿಲನ್ನು ಒಳಗೆ ಕಳಿಸುವುದು, ಇವನ್ನೆಲ್ಲ ಅವರು ದಾರಿಯುದ್ದ ಎಳೆಯರಿಗೆ ಹೇಳುತ್ತಾ ಬಂದರು.

ಉದುಮದ ಕಾಪ್ಪಿಲ್ ಕಡಲತಡಿಗೆ ಮುಟ್ಟುವಾಗ ಬಿಸಿಲು ಇಳಿದಿತ್ತು. ಅಲ್ಲಿ ಗುಡ್ಡೆಯೊಂದು ಕಡಲಿಗೆ ತಾಗಿ ನಿಂತಿದೆ. ಹತ್ತಿರ ಹೋದರೆ ಅದೇ ಕೆಂಪು, ಅದೇ ತೂತು ತೂತು ಮೈ. ಸುರಂಗದ ಅಣ್ಣ ಅಂಗೈಯಿಂದ ಸವರಿ, "ನಮ್ಮಲ್ಲಿಯ ಕಲ್ಲೇ" ಎಂದರು. ನೆಲದೊಳಗಿರುವಾಗ ಕತ್ತಿಗೂ ಬಗ್ಗುವಷ್ಟು ಮೆದು, ಕಡಿದು ಗಾಳಿಗಿಟ್ಟರೆ ಗಟ್ಟಿ. ಮುರಕಲ್ಲಿನ ಗುಣ ಅದು. 1801ರ ಆರಂಭದಲ್ಲಿ ಈ ಕರಾವಳಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್, ಮಲಬಾರಿನಲ್ಲಿ ಜನ ಇದನ್ನು ಇಟ್ಟಿಗೆಯಂತೆ ಕಡಿದು ಮನೆ ಕಟ್ಟುವುದನ್ನು ಕಂಡು, ಇಟ್ಟಿಗೆಗೆ ಲ್ಯಾಟಿನ್ನಿನಲ್ಲಿರುವ ಹೆಸರಿನಿಂದ 'ಲ್ಯಾಟರೈಟ್' ಎಂದು ಕರೆದ. 1807ರ ಅವನ ಪುಸ್ತಕದಿಂದ ಆ ಹೆಸರು ಲೋಕಕ್ಕೆ ಹಬ್ಬಿತು. ಕಲ್ಲು ಇಲ್ಲಿಯದು.

ಬಿಡಾರಕ್ಕೆ ಮೊದಲೇ ಕೇಳಿಟ್ಟಿದ್ದ ತೆಂಗಿನ ತೋಟ, ಕಡಲಿನಿಂದ ಕೂಗಳತೆ ದೂರ. ಯಜಮಾನರು ಮಲಯಾಳಂ ಬೆರೆಸಿದ ಕನ್ನಡದಲ್ಲಿ ಬಾವಿ ತೋರಿಸಿದರು. ಆಳವಿಲ್ಲದ ಹೊಯಿಗೆ ಬಾವಿ. ಮೊಗೆದು ಕುಡಿದರೆ ಸಿಹಿ! ಇಷ್ಟು ಹತ್ತಿರ ಕಡಲಿರುವಾಗ ಇದು ಹೇಗೆಂದು ಎಳೆಯರಿಗೆ ಬೆರಗು. ಮಳೆಯ ಸಿಹಿನೀರು ಹಗುರ, ಕಡಲಿನದು ಭಾರ. ಹೊಯಿಗೆಯೊಳಗೆ ಸಿಹಿ ಮೇಲೆ, ಉಪ್ಪು ಕೆಳಗೆ ನಿಂತಿರುತ್ತದೆ. "ಕೊಡದಲ್ಲಿ ಎತ್ತಿದಷ್ಟು ದಿನ ಸಿಹಿ. ಪಂಪು ಹಾಕಿ ಎಳೆದರೆ ಉಪ್ಪು ಮೇಲೆ ಬರ್ತದೆ," ಎಂದರು ಯಜಮಾನರು.

ಸುರಂಗದ ಅಣ್ಣ ಆ ಮಾತಿಗೆ ಬಹಳ ಹೊತ್ತು ಸುಮ್ಮನೆ ಕೂತರು. ಸುರಂಗವೂ ಜಿನುಗಿದಷ್ಟನ್ನೇ ಕೊಡುತ್ತದೆ. ಆಳದ ಬೋರುಗಳು ಬಂದ ಮೇಲೆ ಅವರು ಕೈಯಾರೆ ಕೊರೆದ ಎರಡು ಸುರಂಗಗಳು ಮಾರ್ಚಿಗೇ ಬತ್ತುತ್ತಿವೆ. ಗುಡ್ಡೆಯವರಿಗೂ ಕಡಲಿನವರಿಗೂ ನೀರು ಹೇಳುವ ಮಾತು ಒಂದೇ: ಒಸರಿದಷ್ಟನ್ನು ತಕ್ಕೊಳ್ಳಿ. ಈ ಪ್ರಯಾಣದಲ್ಲಿ ನಾನು ಕಲಿತದ್ದು ಇದನ್ನು.

ರಾತ್ರಿ ಗಂಜಿ, ಸುಟ್ಟ ಹಪ್ಪಳ. ಕತ್ತಲಾದ ಮೇಲೆ ದೋಣಿಗಳ ದೀಪ ದೂರದಲ್ಲಿ ಸಾಲಾಗಿ ಹೊತ್ತಿದವು. ಟೆಂಟಿನಲ್ಲಿ ಹೆಂಗಸರು, ಟಾರ್ಪಾಲಿನ ಕೆಳಗೆ ನಾವು. ಅಕ್ಕ ಮಾತ್ರ ಒಳಗೆ ಹೋಗದೆ ಹೊಯಿಗೆಯ ಮೇಲೆ ಬೈರಾಸು ಹಾಸಿ ಕೂತಿದ್ದರು. ಎಷ್ಟೋ ವರ್ಷಗಳಿಂದ ರಾತ್ರಿ ಮೂರು ಸಲ ಎದ್ದು ತಮ್ಮನನ್ನು ಮಗ್ಗುಲಾಗಿಸುವ ರೂಢಿ. ನಿದ್ದೆ ತಾನಾಗಿ ತುಂಡಾಗುತ್ತದೆಯಂತೆ. "ಇವತ್ತು ಎಚ್ಚರವಾದರೂ ಏಳಬೇಕಾಗಿಲ್ಲ. ಅಲೆ ಕೇಳ್ತಾ ಇರಬಹುದು," ಎಂದರು.

ಬೆಳಿಗ್ಗೆ ಬೀಸುಬಲೆಯವರೊಬ್ಬರು ತೊಡೆಮಟ್ಟ ನೀರಿನಲ್ಲಿ ನಿಂತಿದ್ದರು. ನಾವು ಬೂತಾಯಿ ಎಂದದ್ದು ಅವರಿಗೆ ಮತ್ತಿ, ನಮ್ಮ ಬಂಗುಡೆ ಅವರ ಅಯಿಲ. ಹೆಸರು ಬದಲಿಸಿಕೊಂಡು ನಗುತ್ತಾ ಮುಂದೆ ಹೋದೆವು. ಪಿತೃಗಳಿಗೆ ಎಳ್ಳುನೀರು ಬಿಡಲು ಜನ ಬರುವ ತೃಕ್ಕಣ್ಣಾಡಿನ ಶಿವನ ಗುಡಿಯ ಎದುರು ಕೈಮುಗಿದೆವು. ಅಲ್ಲಿ ಕಡಲ್ಕೊರೆತ ದಡವನ್ನು ತಿನ್ನುತ್ತಾ ಬಂದಿದೆ. ಮಧ್ಯಾಹ್ನದ ಮೊದಲು ಬೇಕಲ ಕೋಟೆ. ಸುಮಾರು 1650ರಲ್ಲಿ ಶಿವಪ್ಪ ನಾಯಕ ಕಟ್ಟಿಸಿದ್ದು, ಹೈದರ್, ಟಿಪ್ಪು ದಾಟಿ ಬ್ರಿಟಿಷರ ಕೈಸೇರಿದ್ದು. ವಿಸ್ತಾರ 40 ಎಕರೆ. ಕಡಲಿಗೆ ಚಾಚಿದ ಗೋಡೆಯ ತುಂಬ ನಮ್ಮ ಮುರಕಲ್ಲು. ಮುನ್ನೂರೈವತ್ತಕ್ಕೂ ಹೆಚ್ಚು ಮಳೆಗಾಲ, ಉಪ್ಪುಗಾಳಿ ತಿಂದು ನಿಂತದ್ದು.

ಕೋಟೆಯ ಕೆಳಗಿನ ಹೊಯಿಗೆಯಲ್ಲಿ ಅಕ್ಕ ಬಾಗಿ ಏನನ್ನೋ ಹುಡುಕುತ್ತಿದ್ದರು. ಅಲೆ ಉರುಳಿಸಿ ನುಣುಪು ಮಾಡಿದ, ನೆಲ್ಲಿಕಾಯಿ ಗಾತ್ರದ ಮುರಕಲ್ಲಿನ ಚೂರೊಂದು ಸಿಕ್ಕಿತು. ಸೆರಗಿಗೆ ಕಟ್ಟಿಕೊಂಡರು.

ಆದಿತ್ಯವಾರ ರಾತ್ರಿ ಅವರನ್ನು ಮನೆಯವರೆಗೆ ಬಿಡಲು ಹೋದೆ. ತಮ್ಮನ ಹಾಸಿಗೆ ಇರುವುದು ಗಿಲಾವು ಇಲ್ಲದ ಮುರಕಲ್ಲಿನ ಗೋಡೆಗೆ ತಾಗಿ. ಆ ಗೋಡೆಯನ್ನು ಸವರುತ್ತಲೇ ಬೆಳೆದ ಬೆರಳುಗಳು ಅವನವು. ಅಕ್ಕ ಕಲ್ಲನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಅವನು ತಿರುಗಿಸಿ ತಿರುಗಿಸಿ ನೋಡಿದ. ಮತ್ತೆ ಇನ್ನೊಂದು ಕೈ ಚಾಚಿ ಗೋಡೆ ಮುಟ್ಟಿದ. ಒಂದು ಕೈಯಲ್ಲಿ ಒರಟು, ಒಂದು ಕೈಯಲ್ಲಿ ನುಣುಪು. ಎರಡೂ ಒಂದೇ ಕಲ್ಲೆಂದು ಗೊತ್ತಾಗುವವರೆಗೆ ಅವನು ಬಿಡಲಿಲ್ಲ. ಗೊತ್ತಾದಾಗ ಗಟ್ಟಿಯಾಗಿ ನಕ್ಕ.