ಕೈಯಿಂದ ಕೈಗೆ

ನಾನು ಕನ್ನಡ ಎಂ.ಎ. ತರಗತಿಗೆ ಸೇರಿದ್ದು 1980ರ ದಶಕದ ಕೊನೆಯಲ್ಲಿ. ಫೋರ್ಟಿನ ಒಂದು ಹೋಟೆಲಿನ ಗಲ್ಲಾದಲ್ಲಿ ಕೆಲಸ. ಅದನ್ನು ಮುಗಿಸಿ ಚರ್ಚ್‌ಗೇಟಿನಿಂದ ಸಾಂತಾಕ್ರೂಜಿಗೆ ಲೋಕಲ್ ರೈಲು, ಅಲ್ಲಿಂದ ಕಲೀನಾಕ್ಕೆ ಬಸ್ಸು. ಸಂಬಳದ ಬಹುಭಾಗ ಊರಿಗೆ ಹೋಗುತ್ತಿತ್ತು.

ಇಂಗ್ಲಿಷ್ ಓದುವ ಗೆಳೆಯರಿಗೆ ಫೌಂಟನ್ನಿನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕಗಳು ಅಗ್ಗವಾಗಿ ಸಿಗುತ್ತಿದ್ದವು. ನಮ್ಮ ಪಠ್ಯಗಳಾದರೋ ಮೈಸೂರು, ಬೆಂಗಳೂರು, ಧಾರವಾಡಗಳಿಂದ ಬರಬೇಕು. ಅಂಚೆವೆಚ್ಚ ಹೊಂದಿಸಿ ಬರೆದರೆ ಎಷ್ಟೋ ಸಲ 'ಪ್ರತಿಗಳು ಮುಗಿದಿವೆ' ಎಂಬ ಕಾರ್ಡು ಬರುತ್ತಿತ್ತು. ಹೊರನಾಡಿನ ವಿದ್ಯಾರ್ಥಿಗೆ ಪುಸ್ತಕದ ಬೆಲೆಗಿಂತ ಅದು ಬರುವ ದಾರಿಯೇ ದುಬಾರಿ.

ಹಿರಿಯ ವಿದ್ಯಾರ್ಥಿಯೊಬ್ಬರು ತಮ್ಮ 'ಶಬ್ದಮಣಿದರ್ಪಣ'ವನ್ನು ನನಗೆ ಕೊಡುತ್ತ, "ಪರೀಕ್ಷೆ ಮುಗಿದ ಮೇಲೆ ಇದು ನಿಮ್ಮದಲ್ಲ ಮಾರಾಯ್ರೇ, ಮುಂದೆ ಬರುವವರದು" ಎಂದಿದ್ದರು. ಅವರಿಗೂ ಅದು ಹಾಗೆಯೇ ಬಂದದ್ದು. ಅಂಚುಗಳಲ್ಲಿ ಮೂರು ಬಗೆಯ ಕೈಬರಹದ ಟಿಪ್ಪಣಿಗಳಿದ್ದವು.

ಪರೀಕ್ಷೆ ಮುಗಿಯಿತು. ಅದೇ ತಿಂಗಳು ತಾಯಿಗೆ ಕಾಯಿಲೆಯೆಂದು ಪತ್ರ ಬಂತು. ಬಸ್ಸಿನ ಹಣಕ್ಕೆ ನನ್ನಲ್ಲಿದ್ದ ಪುಸ್ತಕಗಳನ್ನೆಲ್ಲ ಕಟ್ಟಿ ಫೌಂಟನ್ನಿನಲ್ಲಿ ಮಾರಿದೆ. ಆ ಕಟ್ಟಿನಲ್ಲಿ 'ದರ್ಪಣ'ವೂ ಹೋಯಿತು. ಊರಿನಿಂದ ಮರಳಿ ಹುಡುಕಿದಾಗ ಅದು ಅಲ್ಲಿರಲಿಲ್ಲ.

ಜೂನಿನಲ್ಲಿ ಹೊಸ ವಿದ್ಯಾರ್ಥಿನಿಯೊಬ್ಬಳು ಬಂದು, "ಅಣ್ಣ, ಆ ಪುಸ್ತಕ ನಿಮ್ಮಲ್ಲಿದೆಯಂತೆ" ಎಂದಳು. ಊರಲ್ಲಿ ಬಿಟ್ಟು ಬಂದಿರುವೆನೆಂದು ಸುಳ್ಳು ಹೇಳಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಮಾಟುಂಗದ ಒಂದು ಗ್ರಂಥಾಲಯದಲ್ಲಿ ಅದರ ಪ್ರತಿಯೊಂದಿತ್ತು, ಹೊರಗೆ ಕೊಡುವಂತಿರಲಿಲ್ಲ. ಏಳು ಭಾನುವಾರ ಕುಳಿತು, ಕಂದಪದ್ಯದ ಸೂತ್ರ, ವೃತ್ತಿ, ಪ್ರಯೋಗಗಳನ್ನು ಪಠ್ಯಕ್ಕಿದ್ದಷ್ಟು ನಕಲು ಮಾಡಿದೆ. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ಕೇಶಿರಾಜ ನನಗೆ ಅರ್ಥವಾದದ್ದು ಆಗಲೇ. ನೋಟುಪುಸ್ತಕಗಳನ್ನು ಕೊಡುವಾಗ ನಿಜವನ್ನೂ ಹೇಳಿದೆ. ಆಕೆ ಪುಟ ತಿರುವಿ, "ಪರವಾಗಿಲ್ಲ ಅಣ್ಣ. ಮೊದಲಿನವರ ಟಿಪ್ಪಣಿ ಇಲ್ಲವಲ್ಲ, ಅದೊಂದೇ ಬೇಸರ" ಎಂದಳು.

ಇಂದು ದಾರಿಗಳು ಹೆಚ್ಚಿವೆ. ಲೇಖಕರು ತೀರಿಕೊಂಡ ನಂತರ 60 ವರ್ಷ ಕಳೆದ ಕೃತಿಗಳು ನಮ್ಮ ಕಾನೂನಿನಂತೆ ಕೃತಿಸ್ವಾಮ್ಯದಿಂದ ಮುಕ್ತ. ಅಂಥ ಅನೇಕ ಕನ್ನಡ ಗ್ರಂಥಗಳು ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯೊಂದರ ಮೇಲೆ ಪ್ರಕಾಶಕರು ಹೂಡಿದ್ದ ದಾವೆಯಲ್ಲಿ ದೆಹಲಿ ಉಚ್ಚ ನ್ಯಾಯಾಲಯವು 2016ರಲ್ಲಿ, ಬೋಧನೆಗಾಗಿ ಪಠ್ಯಭಾಗಗಳ ನಕಲಿಗೆ ಕಾಯ್ದೆಯಲ್ಲಿ ಅವಕಾಶವಿದೆಯೆಂದು ಎತ್ತಿಹಿಡಿಯಿತು. 2017ರಲ್ಲಿ ಪ್ರಕಾಶಕರು ದಾವೆಯನ್ನು ಹಿಂತೆಗೆದುಕೊಂಡರು.

ಆದರೂ ಇತ್ತೀಚಿನ ವಿಮರ್ಶಾಗ್ರಂಥಗಳು, ಸಂಪಾದಿತ ಆವೃತ್ತಿಗಳು ಈ ದಾರಿಗಳಲ್ಲಿ ಪೂರ್ತಿಯಾಗಿ ಸಿಗುವುದು ಕಡಿಮೆ. ಅವಕ್ಕೆ ನನಗೆ ತೋಚುವ ಉಪಾಯ ಹಳೆಯದೇ: ವಿಭಾಗದಲ್ಲಿ ಒಂದು ಕಪಾಟು, ತೇರ್ಗಡೆಯಾಗಿ ಹೋಗುವವರು ತಮ್ಮ ಪಠ್ಯಗಳನ್ನು ಅದರಲ್ಲಿಟ್ಟು ಹೋಗುವುದು. ಅಂಚಿನ ಟಿಪ್ಪಣಿಗಳನ್ನು ಅಳಿಸುವುದು ಬೇಡ. ಇದಕ್ಕೆ ಅನುದಾನ ಬೇಡ, ಮಾತು ಉಳಿಸಿಕೊಂಡರೆ ಸಾಕು. ಆ ಮಾತಿಗೆ ಒಮ್ಮೆ ತಪ್ಪಿದವನಾದುದರಿಂದಲೇ ಇದನ್ನು ಇಲ್ಲಿ ಬರೆದಿದ್ದೇನೆ.