ಆರು ನಂಬರ್ ಅಂಗಿ ಯಾರಿಗೆ?

ಸಂಕ್ರಮಣದ ಕುಸುರೆಳ್ಳು ಈ ಸಲ ನಿಮ್ಮ ಕೈಯಿಂದ ತಿನ್ನೂ ಯೋಗ ಬರಲಿಲ್ಲ. ನಾ ಇನ್ನೂ ಸಿಡ್ನಿಯೊಳಗ ಮಗಳ ಮನ್ಯಾಗ ಇದ್ದೀನಿ. ಇಲ್ಲೆ ಈಗ ಕಡು ಬ್ಯಾಸಗಿ. ಫೋನ್ ಮಾಡಿದಾಗೊಮ್ಮೆ ಶಾಂತಾ ವೈನಿ "ಏನ್ರೀ, ಅಲ್ಲೇನ ಹೊಸಾ ಸುದ್ದಿ?" ಅಂತ ಕೇಳ್ತಾರ. ನಮ್ಮ ಓಣಿ ಸುದ್ದಿ ಅಂದ್ರ ಒಬ್ಬ ಹುಡುಗಂದು. ಅವನ ಹೆಸರು ಜೋನಾ ಪೆಝೆಟ್. ಅವ ಯಾರ ಮಗಾನೋ ನಮಗ ಗೊತ್ತಿಲ್ಲ, ಆದ್ರ ಎರಡು ತಿಂಗಳಾತು, ಬಾಜೂ ಮನಿ ಅಜ್ಜ-ಅಜ್ಜಿ ಬೇಲಿ ಹತ್ರ ನಿಂತು ಅವನ ಮ್ಯಾಲೇ ವಾದಾ ಹಾಕ್ಕೋತ ಇದ್ದಾರ.

ಮಗಳ ಮನಿ ಇರೂದು ಪ್ಯಾರಾಮಟ್ಟಾದ ಹತ್ರ. ಆ ಹೆಸರಿಗೆ ಇಲ್ಲಿಯ ಮೂಲ ನಿವಾಸಿ ದಾರುಗ್ ಮಂದಿ ಮಾತಿನಾಗ "ಹಾವುಮೀನು ಇರೂ ಜಾಗಾ" ಅಂತ ಅರ್ಥ ಹೇಳ್ತಾರ. ಇಲ್ಲಿಯ ರಗ್ಬಿ ಲೀಗ್ ತಂಡದ ಹೆಸರೂ ಅದ, ಈಲ್ಸ್, ಅಂದ್ರ ಹಾವುಮೀನುಗೋಳು. ನೀಲಿ-ಹಳದಿ ಅಂಗಿ. ನಮ್ಮ ಕಡೆ ಜಾತ್ರಿಗೆ ಪರಪರಿ ಕಟ್ಟಿಧಂಗ ಇಲ್ಲೆ ಮ್ಯಾಚ್ ದಿನ ಮನಿ ಮುಂದ ಆ ಬಣ್ಣದ ಬಾವುಟಾ ಕಟ್ಟತಾರ.

ಆಟ ಹೆಂಗ ಅಂತ ಕೇಳಿದ್ರ, ಕಬಡ್ಡಿ ನೋಡಿದವರಿಗೆ ಲಗೂನ ತಿಳೀತದ. ಒಂದೊಂದು ಕಡೆ 13 ಮಂದಿ. ಚಂಡು ಹಿಡಕೊಂಡು ಎದುರಿನವರ ಗೆರಿ ದಾಟಿ ನೆಲಕ್ಕ ಒತ್ತಿದ್ರ ಅದು "ಟ್ರೈ", ನಾಲ್ಕು ಅಂಕ. ಓಡೂದು ಮುಂದ, ಆದ್ರ ಕೈಯಿಂದ ಚಂಡು ಕೊಡೂದು ಮಾತ್ರ ಹಿಂದ ಇದ್ದವರಿಗೆ. ಕಬಡ್ಡಿಯೊಳಗ ಹಿಡಿಧಂಗ ಎದುರಿನವರು ಬಂದು ಹಿಡದು ಕೆಡವತಾರ. ಎದ್ದು ಮತ್ತ ಶುರು. ಹಿಂಗ ಆರು ಸಲ ಹಿಡದ್ರೂ ಅಂದ್ರ ಮುಗೀತು, ಚಂಡು ಎದುರಿನವರ ಪಾಲು. ಅದಕ್ಕ ಐದನೇ ಸಲ ಕೆಡವಿದ ಮ್ಯಾಲೆ ಸಾಮಾನ್ಯ ಒದ್ದುಬಿಡ್ತಾರ. ಎಲ್ಲಿಗೆ ಒದೀಬೇಕು, ಎಷ್ಟು ಎತ್ತರ ಒದೀಬೇಕು, ಅಥವಾ ಒದೀದ ಓಡೇ ಬಿಡಬೇಕೋ, ಇದನ್ನ ಕಣ್ಣು ಮಿಟಕ್ಸೂದ್ರಾಗ ಒಬ್ಬ ಹೇಳಬೇಕು. ಎಂಬತ್ತು ನಿಮಿಷದ ಆಟ ಆ ಒಂದು ಮಾತಿನ ಮ್ಯಾಲೆ ನಿಂತಿರ್ತದ.

ಆ ಮಾತು ಹೇಳಾಂವ ಏಳು ನಂಬರ್ ಅಂಗಿಯಾಂವ, ಹಾಫ್‌ಬ್ಯಾಕ್. ಅವನ ಜೋಡಿ ಆರು ನಂಬರಿನಾಂವ, ಫೈವ್-ಎಯ್ತ್. ಇಬ್ಬರಿಗೂ ಸೇರಿ "ಹಾಫ್ಸ್" ಅಂತಾರ. ಹೋಳಿಗಿ ಮಾಡೂ ದಿನಾ ನೆನಸ್ಕೋರಿ. ಒಬ್ಬಾಕಿ ಕಣಕದಾಗ ಹೂರಣ ತುಂಬಿ ಲಟ್ಟಿಸಿಕೊಡ್ತಾಳ, ಇನ್ನೊಬ್ಬಾಕಿ ಹಂಚಿನ ಮುಂದ ಕೂತಿರ್ತಾಳ. ಇಬ್ಬರೂ ಒಮ್ಮೆಲೇ ಹಂಚಿಗೆ ಕೈ ಹಾಕಿದ್ರ ಹೋಳಿಗಿ ಹರೀತದ. ಇಬ್ಬರೂ ಕೈ ಹಾಕಲಿಲ್ಲಂದ್ರ ಹೊತ್ತತದ. ಹಾಫ್ಸ್ ಅಂದ್ರ ಅಷ್ಟ.

ಈಗ ತಕರಾರು ಏನಂದ್ರ, ಈ ಈಲ್ಸ್ ತಂಡದಾಗ 2019ರಿಂದ ಏಳಕ್ಕ ಮಿಚೆಲ್ ಮೋಸೆಸ್, ಆರಕ್ಕ ಡಿಲನ್ ಬ್ರೌನ್ ಅಂತ ಒಂದು ಜೋಡಿ ಕೂಡಿತ್ತು. ಮೋಸೆಸ್ ಒದ್ಯಾಂವ, ಆಟ ನಡಸಾಂವ. ಬ್ರೌನ್ ಓಡಾಂವ, ಅಡ್ಡಗಟ್ಟಾಂವ. 2022ರಾಗ ಇಬ್ಬರೂ ಸೇರಿ ತಂಡಾನ ಫೈನಲ್‌ಗೆ ಒಯ್ದರು, ಬಾಜೂ ಊರಿನ ಪೆನ್ರಿತ್ ಕೈಯಾಗ 28-12ರಿಂದ ಸೋತರು. 2025ರ ಮಾರ್ಚ್‌ನ್ಯಾಗ ನ್ಯೂಕ್ಯಾಸಲ್ ತಂಡದವರು ಬಂದು ಬ್ರೌನ್‌ಗ ಹತ್ತು ವರ್ಷದ ಒಪ್ಪಂದಾ ಕೊಟ್ಟರು. ಹತ್ತಿರ ಹತ್ತಿರ 13 ಮಿಲಿಯನ್ ಡಾಲರ್ ಅಂತ ಪತ್ರಿಕಿಯೊಳಗ ಬಂತು, ನಮ್ಮ ಲೆಕ್ಕದಾಗ 70 ಕೋಟಿ ರೂಪಾಯಿ ದಾಟ್ತದ. ಆ ವರ್ಷ ಇಲ್ಲೇ ಆಡಿ ಮುಗಿಸಿ ಬ್ರೌನ್ ಹೋದ. ಆರು ನಂಬರಿನ ಜಾಗಾ ಖಾಲಿ ಆತು.

ಆ ಜಾಗಾಕ್ಕ ಬಂದಾಂವ ಈ ಪೆಝೆಟ್. ಮೆಲ್ಬರ್ನ್ ತಂಡದಾಗ ಇದ್ದ. ಅಲ್ಲೆ ಹ್ಯೂಸ್, ಮನ್ಸ್ಟರ್ ಅಂತ ಇಬ್ಬರು ದೊಡ್ಡ ಆಟಗಾರರು ಹಾಫ್ಸ್ ಆಗಿ ಗಟ್ಟಿ ಕೂತಾರ, ಅವರಿಗೆ ಪೆಟ್ಟಾದ್ರ ಮಾತ್ರ ಇವನ ಪಾಳಿ. ಆಟ ಬರ್ತದ, ಆಡೂದಕ್ಕ ಜಾಗಾ ಇಲ್ಲ. ಅದಕ್ಕ 2027ರಿಂದ ಬ್ರಿಸ್ಬೇನ್ ತಂಡಕ್ಕ ಹೋಗೂದು ಅಂತ ಒಪ್ಪಿಕೊಂಡ. ನಡುವ 2026 ಒಂದು ವರ್ಷ ಖಾಲಿ ಉಳೀತಲ್ಲ, ಆ ಒಂದು ವರ್ಷಕ್ಕ ಪ್ಯಾರಾಮಟ್ಟಾದವರು ಕರಕೊಂಡಾರ. ಅಂದ್ರ ಬರೂದ್ರಾಗ ಹೋಗೂ ತಿಕೀಟು ಕಿಸೆದಾಗ ಇಟಗೊಂಡೇ ಬಂದಾನ.

ಇದರ ಮ್ಯಾಲೆ ಇಲ್ಲೆ ಮೂರು ಪಕ್ಷ ಆಗ್ಯಾವ. ಬಾಜೂ ಮನಿ ಅಜ್ಜಂದು ಒಂದು ಪಕ್ಷ. "ಒಂದು ವರ್ಷಕ್ಕ ಬಂದಾಂವಗ ಮನಿ ಕೀಲಿಕೈ ಯಾಕ ಕೊಡಬೇಕು? ಇವನ್ನ ನಾವು ತಯಾರು ಮಾಡೂದು, ಫಲಾ ಬ್ರಿಸ್ಬೇನ್‌ದವರು ತಿನ್ನೂದು. ಆ ಜಾಗಾದಾಗ ನಮ್ಮ ಹುಡುಗರೊಳಗ ಒಬ್ಬ ಆಡಿದ್ರ ಕಲೀತಿದ್ದ." ಅವರ ಮಗಂದು ಇನ್ನೊಂದು ಪಕ್ಷ. "ಮೋಸೆಸ್‌ನೂ ಏಳು ನಂಬರಿನಾಂವ, ಪೆಝೆಟ್‌ನೂ ಬೆಳದದ್ದು ಏಳಕ್ಕ. ಇಬ್ಬರು ಏಳು ಕೂಡಿದ್ರ ಆರು ಯಾರು?" ಅಜ್ಜಿ ಮೂರನೇ ಪಕ್ಷ. "ಮೋಸೆಸ್‌ಗ ಪೆಟ್ಟಾತಂದ್ರ ಆಟ ನಡಸಾಕ ಇನ್ನೊಬ್ಬ ಬೇಕೋ ಬ್ಯಾಡೋ? ಒಂದು ವರ್ಷರ ಆಗಲಿ, ಗೆಲ್ಲಸಿದ್ರ ಸಾಕು. ನನಗ ವಯಸ್ಸಾತು."

ಆಕಿ ಹಂಗ ಅನ್ನೂದಕ್ಕ ಕಾರಣ ಅದ. ಈ ತಂಡ ಕಡೀಕ ಗೆದ್ದದ್ದು 1986ರಾಗ. ಅವತ್ತಿನ ಫೈನಲ್ 4-2, ಎರಡೂ ಕಡೆಯವರು ಒಂದೂ ಟ್ರೈ ಮಾಡಲಿಲ್ಲ, ಬರೇ ಒದ್ದು ಗಳಿಸಿದ ಅಂಕ. ಅದಕ್ಕೂ ಮೊದಲ 1981, 82, 83 ಬೆನ್ನಿಗೆ ಬೆನ್ನು ಮೂರು ವರ್ಷ ಗೆದ್ದಿದ್ದರು. ಆ ನಾಲ್ಕೂ ಸಲ ಏಳಕ್ಕ ಪೀಟರ್ ಸ್ಟರ್ಲಿಂಗ್ ಇದ್ದ. ಅವನ ಜೋಡಿ ಬ್ರೆಟ್ ಕೆನಿ. ಅಜ್ಜ ಈ ಎರಡು ಹೆಸರು ಬಿಡಿಸಿ ಹೇಳೂದ ಇಲ್ಲ, ನಾವು "ಉಪ್ಪು-ಖಾರ" ಅಂಧಂಗ "ಸ್ಟರ್ಲಿಂಗ್-ಕೆನಿ" ಅಂತಾರ. ಸ್ಟರ್ಲಿಂಗ್ ತಲಿ ಎತ್ತಿ ನೋಡಿ ಚಂಡು ಕಳಸಾಂವ, ಕೆನಿ ಮೈ ಬಳಕಿಸಿ ಗೆರಿ ದಾಟಾಂವ. ಅದು ಒಂದು ವರ್ಷದ ಜೋಡಿ ಅಲ್ಲ, ವರ್ಷಗಟ್ಟಲೆ ಮಗ್ಗಲಿಗೆ ಮಗ್ಗಲು ನಿಂತು ಕುದರಿದ್ದು. ಅಜ್ಜನ ಮಾತಿನ್ಯಾಗೂ ಹುರುಳು ಅದ.

ನಾ ಇಷ್ಟು ಯಾಕ ಲಕ್ಷ್ಯ ಕೊಟ್ಟು ಕೇಳಿದೆ ಅಂತೀರೇನು? ಅದ ಹೊತ್ತಿಗೆ ನಮ್ಮ ಮನ್ಯಾಗೂ ಇಬ್ಬರು ಏಳು ನಂಬರಿನವರು ಕೂಡಿದ್ವಿ. ಮಮ್ಮಗಗ ಎರಡು ವರ್ಷ. ಮಗಳು-ಅಳಿಯಾ ಇಬ್ಬರೂ ಕೆಲಸಕ್ಕ ಹೋಗ್ತಾರ. ಪ್ರತಿ ಸಲ ನಾ ಆರು ತಿಂಗಳು, ಬೀಗತಿಯವರು ಆರು ತಿಂಗಳು ಅಂತ ಪಾಳಿ. ಹೋದ ವರ್ಷ ನಮ್ಮ ಬೀಗರು ತೀರಿಕೊಂಡರು. ಹಾಸನದ ದೊಡ್ಡ ಮನ್ಯಾಗ ಬೀಗತಿ ಒಬ್ಬರ ಆದರು. ಅದಕ್ಕ ಅಳಿಯಾ ಅವರನ್ನ ಎರಡು ತಿಂಗಳು ಮೊದಲ ಕರಿಸಿದ. ಹಿಂಗಾಗಿ ಒಂದು ಅಡಗಿಮನಿ, ಇಬ್ಬರು ಮೂವತ್ತು ವರ್ಷ ಸಂಸಾರ ನಡಸಿದ ಹೆಂಗಸರು.

ಅವರು ಜಗಳಗಂಟಿ ಅಲ್ಲ, ಭಾಳ ಸಾತ್ವಿಕ. "ನೀವು ಕೂತ್ಕೊಳ್ಳಿ ಬೀಗ್ರೆ, ನಾನು ಮಾಡ್ತೀನಿ" ಅಂತಾರ. ನಾ "ನೀವ ಕೂಡ್ರಿ, ನಾ ಮಾಡ್ತೀನಿ" ಅಂತೀನಿ. ಇದ ತ್ರಾಸು ನೋಡ್ರಿ. ಜಗಳಾದ್ರ ಎದ್ದು ಹೋಗಬಹುದು, ಉಪಚಾರದಾಗ ಎದ್ದು ಹೋಗಾಕ ಬರೂದಿಲ್ಲ. ಅವರು ಮುದ್ದಿ ಕಲಸಿ ಬಸ್ಸಾರು ಮಾಡಿದ ಹೊತ್ತಿಗೆ ನಾ ಜ್ವಾಳದ ಹಿಟ್ಟು ನಾದಿ ಇಟ್ಟಿರತಿದ್ದೆ. ಕೂಸಿಗೆ ಅತ್ತಲಿಂದ ಒಂದು ಚಮಚಾ, ಇತ್ತಲಿಂದ ಒಂದು ಚಮಚಾ. ನಾಲ್ಕು ದಿನಕ್ಕ ಅದು ಬಾಯಿ ಮುಚ್ಚಿ ಕೂತುಬಿಡ್ತು, ಯಾರ ಕೈಯಾಗಿಂದೂ ತಿನ್ನವಲ್ತು. ಮಗಳು ಆಫೀಸಿನಿಂದ ಬಂದಾಕಿ ನನ್ನ ಮುಖಾ ನೋಡ್ತಿದ್ದಳು, ಅತ್ತಿ ಮುಖಾ ನೋಡ್ತಿದ್ದಳು, ಸುಮ್ಮನ ತನ್ನ ಖೋಲಿಗೆ ಹೋಗ್ತಿದ್ದಳು. ಆಕಿಗೆ ಯಾರ ಪರ ಮಾತಾಡಿದ್ರೂ ಸಂಕಟ.

ಬೇಲಿ ಹತ್ರ ಅವರ ಮಗಾ "ಇಬ್ಬರು ಏಳು ಕೂಡಿದ್ರ ಆರು ಯಾರು?" ಅಂದಾಗ ನನ್ನ ಲಕ್ಷ್ಯ ಸೀದಾ ನಮ್ಮ ಒಲಿ ಕಡೆ ಹೋತು.

ನಾ ಲೆಕ್ಕಾ ಹಾಕಿದೆ. ಬೀಗತಿಯವರು ಮುಂದ ಆರು ತಿಂಗಳು ಇರಾವರು. ಮನಿಯವರನ್ನ ಕಳಕೊಂಡಾರ, ಊರಾಗ ಅವರಿಗಾಗಿ ಅಡಗಿ ಕಾಯೂ ಮಂದಿ ಯಾರೂ ಇಲ್ಲ. ಕೈಯಾಗ ಕೆಲಸ ಇದ್ದಷ್ಟು ಹೊತ್ತು ಅವರ ಮುಖಾ ಗೆಲುವಾಗಿರ್ತದ. ನಾ ಫೆಬ್ರುವರಿಯೊಳಗ ಹೋಗಾಕಿ. ಹಂಗಂದ್ರ ಮಧ್ಯಾಹ್ನದ ಒಲಿ ಅವರದು, ಕೂಸಿನ ಊಟಾನೂ ಅವರದು. ಮರುದಿನ ಮುಂಜಾನೆ ನಾನ ಹೋಗಿ ಹೇಳಿದೆ, "ಇವತ್ತಿಂದ ನೀವು ಹೇಳ್ರಿ, ನಾ ಹೆಚ್ಚಿಕೊಡ್ತೀನಿ." ಅವರು ಮೊದಲ ಒಪ್ಪಲಿಲ್ಲ. ಆಮ್ಯಾಲೆ ಒಂದು ಗಳಿಗಿ ಸುಮ್ಮನ ನಿಂತು, "ಹಾಗಾದ್ರೆ ಸೊಪ್ಪು ಬಿಡಿಸಿಕೊಡಿ" ಅಂದ್ರು. ಅಷ್ಟ ಮಾತು. ನಾ ಸೊಪ್ಪು ಸೋಸಿದೆ, ಬಟ್ಟಿ ಮಡಚಿದೆ, ಸಂಜಿಮುಂದ ಕೂಸಿನ್ನ ನದಿ ದಂಡಿಗೆ ಅಡ್ಡಾಡಿಸಿಕೊಂಡು ಬಂದೆ. ಮೂರನೇ ದಿನಕ್ಕ ಅದು ಅವರ ತೊಡಿ ಮ್ಯಾಲೆ ಕೂತು ಬಸ್ಸಾರು ಅನ್ನ ಉಂಡಿತು.

ಆರು ನಂಬರ್ ಅಂದ್ರ ಕೆಳಗಿನ ಪೀಠ ಅಂತ ತಿಳೀಬ್ಯಾಡ್ರಿ. ಒಂದು ದಿನಾ ಬೀಗತಿಯವರ ಮೊಣಕಾಲು ಬಾತು ಏಳಲಾರದಂಗ ಆತು. ಅವತ್ತು ಒಲಿ ಮುಂದ ನಾ ನಿಂತೆ. ಬಸ್ಸಾರಿಗೆ ಏನೇನ ಹಾಕ್ತಾರ, ಕೂಸಿಗೆ ಎಷ್ಟು ಹದಾ ಮೆತ್ತಗ ಬೇಕು, ಎಲ್ಲಾ ಮಗ್ಗಲಿಗೆ ನಿಂತು ನೋಡಿದ್ದೆ, ಯಾರನ್ನೂ ಕೇಳೂ ಪ್ರಸಂಗ ಬರಲಿಲ್ಲ. ಬಾಜೂ ಮನಿ ಅಜ್ಜಿ ಹೇಳೂದೂ ಇದ. ಮೋಸೆಸ್ ಇದ್ದಾಗ ಪೆಝೆಟ್ ಸುಮ್ಮನಿರಬೇಕು, ಮೋಸೆಸ್ ಇಲ್ಲದಾಗ ದನಿ ತಗೀಬೇಕು. ಎರಡೂ ಬರಬೇಕು. ತಂಡಾ ನಡಸೂ ಕೋಚ್ ಜೇಸನ್ ರೈಲ್ಸ್ ಮೊದಲ ಮೆಲ್ಬರ್ನ್‌ನ್ಯಾಗ ಸಹಾಯಕ ಕೋಚ್ ಆಗಿ ಇದ್ದವರು, ಅಲ್ಲಿಯ ರೀತಿ-ರಿವಾಜು ಗೊತ್ತಿದ್ದವರು, ಅದಕ್ಕ ಹುಡುಗಗ ಇಲ್ಲೆ ತೀರಾ ಪರಕೀಯ ಅನಿಸಲಿಕ್ಕಿಲ್ಲ ಅಂತ ಅಜ್ಜಿ ವಾದಾ.

ಹಂಗಂತ ಅಜ್ಜನ ಮಾತು ತಗದು ಹಾಕಾಕ ನನಗ ಆಗೂದಿಲ್ಲ. "ನಮ್ಮ ಹುಡುಗರು ಯಾವಾಗ ಕಲೀಬೇಕು?" ಅಂತಾರಲ್ಲ, ಅದು ನನಗ ರಾತ್ರಿ ಮಲಗಿದ ಮ್ಯಾಲೂ ಕಾಡ್ತು. ನಾ ಹೋಗ್ತೀನಿ, ಬೀಗತಿಯವರೂ ಆರು ತಿಂಗಳಿಗೆ ಹೋಗ್ತಾರ. ಖರೇ ಆ ಮನಿ ಯಾರದು? ಮಗಳದು. ನಾವು ಇಬ್ಬರು ಅನುಭವಸ್ಥರು ಚಂಡು ಆಕಡೆ-ಈಕಡೆ ಕೊಡಾಕಹತ್ತಿದ್ರ ಆಕಿ ತನ್ನ ಮನಿಯೊಳಗ ಗೆರಿ ಹೊರಗ ನಿಂತು ನೋಡೂದ ಆಗ್ತದ. ಆಕಿಗೆ ಇನ್ನೂ ಹದಕ್ಕ ಒಂದು ರೊಟ್ಟಿ ಬಡಿಯಾಕ ಬರೂದಿಲ್ಲ. ಬರಲಿಲ್ಲಂದ್ರ ಜೀವನೇನ ನಿಂದ್ರೂದಿಲ್ಲ, ಆದ್ರ "ಅವ್ವಾ ಇದ್ದಾಗ ತಿಂತಿದ್ವಿ" ಅನ್ನೂ ಮಾತು ಆಕಿ ಬಾಯಾಗ ಬರಬಾರದು.

ಬೀಗತಿಯವರಿಗೆ ಹೇಳಿದೆ. ಅವರೂ ಅದನ್ನ ಯೋಚನೆ ಮಾಡ್ಕೋತ ಇದ್ದರಂತ. ಹಿಂಗಾಗಿ ಶನಿವಾರ, ಐತವಾರ ಒಲಿ ಮಗಳದು. ಅಳಿಯಾ ಕಾಯಿಪಲ್ಯ ಹೆಚ್ಚಬೇಕು. ನಾವಿಬ್ಬರೂ ಹೊರಗ ಕುರ್ಚಿ ಹಾಕ್ಕೊಂಡು ಕೂಡ್ರೂದು. ಕರದ್ರ ಮಾತ್ರ ಒಳಗ ಹೋಗೂದು. ಸಂಕ್ರಮಣದ ಹೋಳಿಗಿ ಆಕೀನ ಮಾಡಿದಳು. ಮೊದಲಿನ ಆರು ಹರದು ಹೂರಣ ಹಂಚಿಗೆ ಹತ್ತಿತು. ಬೀಗತಿಯವರ ಕೈ ಚಡಪಡಿಸೂದು ನನಗ ಕಾಣಸ್ತಿತ್ತು, ನನ್ನ ಕೈನೂ ಹಂಗ. ಇಬ್ಬರೂ ಏಳಲಿಲ್ಲ. ಏಳನೇದು ದುಂಡಗ ಬಂತು.

ಒಂದು ವರ್ಷಕ್ಕ ಬಂದಾಂವಗ ಕೀಲಿಕೈ ಕೊಡಬೇಕೋ ಬ್ಯಾಡೋ ಅಂತ ಈಗ ನನ್ನ ಕೇಳಿದ್ರ, ಕೊಡ್ರಿ ಅಂತೀನಿ. ಅರ್ಧಾ ಮನಸ್ಸಿಲೆ ಕೊಟ್ಟ ಕೆಲಸಾ ಅವನೂ ಅರ್ಧಾ ಮಾಡ್ತಾನ, ವರ್ಷಾ ಇಬ್ಬರದೂ ಹಾಳು. ಆದ್ರ ಕೊಡೂವಾಗ ಮಗ್ಗಲಿಗೆ ಮನಿ ಹುಡುಗನ್ನ ನಿಂದ್ರಸ್ರಿ. ಬಂದಾಂವ ಹೋಗಾಂವ, ನೋಡಿ ಕಲತದ್ದು ಇಲ್ಲೇ ಉಳೀತದ. ಇದನ್ನ ಅಜ್ಜಗ ಮಗಳ ಕಡಿಂದ ಇಂಗ್ಲಿಷಿನ್ಯಾಗ ಹೇಳಿಸಿದೆ. ಅವರು ಟೋಪಿಗಿ ತಗದು ತಲಿ ತುರಿಸಿಕೊಂಡು, "ಸ್ಟರ್ಲಿಂಗ್-ಕೆನಿ ಅಂತೂ ಆಗೂದಿಲ್ಲ" ಅಂದ್ರು. ಅಜ್ಜಿ ನನ್ನ ಕಡೆ ನೋಡಿ ಕಣ್ಣು ಹೊಡದಳು.

ಹೊಸಾ ಪಂದ್ಯಾವಳಿ ಮಾರ್ಚ್‌ನ್ಯಾಗ ಶುರು. ಅಷ್ಟೊತ್ತಿಗೆ ನಾ ಧಾರವಾಡದಾಗ ನಿಮ್ಮ ಜೋಡಿ ಶ್ಯಾವಿಗಿ ಒಣಗಿಸಿಕೋತ ಇರ್ತೀನಿ. ಮಗಳಿಗೆ ಹೇಳೀನಿ, ಅಂಕ ಎಷ್ಟಾತು ಅಂತ ಬ್ಯಾಡ, ಐದನೇ ಸಲ ಕೆಡವಿದ ಮ್ಯಾಲೆ ಚಂಡು ಯಾರು ಕೇಳ್ತಾರ, ಇನ್ನೊಬ್ಬ ಏನ ಮಾಡ್ತಾನ, ಅದನ್ನ ನೋಡಿ ಹೇಳು ಅಂತ. ಮತ್ತ ಐತವಾರ ರೊಟ್ಟಿ ಉಬ್ಬಿತೋ ಇಲ್ಲೋ, ಅದನ್ನೂ.